ತಪ್ಪಾಯಿತು, ಸರಿ. ಆದರೆ ತಪ್ಪಿದ್ದು ಯಾವುದು?

ದಾದರ್ ಸ್ಟೇಷನ್ನಿನಲ್ಲಿ ಶನಿವಾರ ಸಂಜೆ ನಾಲ್ಕು ಜನ ಇದ್ದಾರೆ ಅಂತಿಟ್ಟುಕೊಳ್ಳಿ. ಒಬ್ಬರಿಗೊಬ್ಬರು ಗೊತ್ತಿಲ್ಲ. ನಾಲ್ವರೂ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ಕನ್ನಡ ನಾಟಕ ನೋಡಲು ಹೊರಟವರು. ಮಾಟುಂಗಾ ಅಂದರೆ ಸೆಂಟ್ರಲ್ ಲೈನಿನಲ್ಲಿ ಮುಂದಿನ ಸ್ಟೇಷನ್ನೇ. ಆದರೆ ಅಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ, ಫಾಸ್ಟ್ ಹತ್ತಿದರೆ ಸೀದಾ ಕುರ್ಲಾ. ನಾಲ್ವರೂ ನಾಟಕಕ್ಕೆ ತಡವಾಗಿ ಬಂದರು.

ಮೊದಲನೆಯವನಿಗೆ ಎಲ್ಲಾ ಗೊತ್ತಿತ್ತು. ದಿನಾ ಥಾಣೆಗೆ ಫಾಸ್ಟ್ ಗಾಡಿಯಲ್ಲಿ ಹೋಗುವವನು. ಕಾಲು ರೂಢಿಯಂತೆ ಫಾಸ್ಟ್ ಗಾಡಿಗೇ ಹತ್ತಿತು. ಹತ್ತಿದ ಕ್ಷಣವೇ ‘ಅಯ್ಯೋ’ ಅಂದ, ಅಷ್ಟರಲ್ಲಿ ಗಾಡಿ ಹೊರಟಿತ್ತು. ಎರಡನೆಯವನು ಜನರ ತಲೆಗಳ ನಡುವೆ ಇಂಡಿಕೇಟರ್ ಅನ್ನು ಅರ್ಧಂಬರ್ಧ ನೋಡಿ, ಫಾಸ್ಟ್ ಎಂದಿದ್ದನ್ನು ಸ್ಲೋ ಎಂದು ಓದಿಕೊಂಡ. ಮೂರನೆಯವನು ದಾದರಿನ ಕಡೆ ಬರದೆ ವರ್ಷಗಳಾಗಿದ್ದವು. ಮೊದಲು ವೆಸ್ಟರ್ನ್ ಲೈನಿಗೂ ಸೆಂಟ್ರಲ್ ಲೈನಿಗೂ ಅಲ್ಲಿ ಬೇರೆ ಬೇರೆಯಾಗಿ 1ರಿಂದ ಪ್ಲಾಟ್‌ಫಾರ್ಮ್ ನಂಬರ್ ಇತ್ತು. 2023ರ ಡಿಸೆಂಬರ್ 9ರಿಂದ ಎರಡನ್ನೂ ಒಂದೇ ಸಾಲಿಗೆ ತಂದರು. ವೆಸ್ಟರ್ನ್‌ದು 1ರಿಂದ 7, ಸೆಂಟ್ರಲ್‌ದು 8ರಿಂದ 14. ಇವನು ತಲೆಯಲ್ಲಿದ್ದ ಹಳೆಯ ನಂಬರನ್ನೇ ಹುಡುಕುತ್ತಾ ವೆಸ್ಟರ್ನ್ ಕಡೆಗೆ ನಡೆದ. ನಾಲ್ಕನೆಯವನು ಸರಿಯಾದ ಗಾಡಿಯನ್ನೇ ಹತ್ತಿದ. ಸಿಗ್ನಲ್ ಕೆಟ್ಟು ಗಾಡಿ ನಡುದಾರಿಯಲ್ಲಿ ನಿಂತಿತು.

ಹೊರಗಿನಿಂದ ನೋಡುವವರಿಗೆ ನಾಲ್ಕೂ ಒಂದೇ: ತಡವಾಯಿತು. ಆದರೆ ನಾಳೆ ಏನು ಬದಲಾಯಿಸಿಕೊಳ್ಳಬೇಕು ಅನ್ನುವುದು ನಾಲ್ವರಿಗೂ ಬೇರೆ ಬೇರೆ. ಒಬ್ಬ ಹತ್ತುವ ಮುಂಚೆ ಒಂದು ಕ್ಷಣ ತಡೆಯಬೇಕು. ಒಬ್ಬ ಬೋರ್ಡನ್ನು ಇನ್ನೊಮ್ಮೆ ನೋಡಬೇಕು. ಒಬ್ಬ ತಲೆಯಲ್ಲಿರುವ ನಕ್ಷೆಯನ್ನೇ ತಿದ್ದಬೇಕು. ನಾಲ್ಕನೆಯವನು ಏನನ್ನೂ ಬದಲಾಯಿಸಬಾರದು. ಅವನು ‘ಇನ್ನು ಸ್ಲೋ ಗಾಡಿಯ ಸಹವಾಸವೇ ಬೇಡ’ ಅಂದುಕೊಂಡರೆ ಅದೇ ಹೊಸ ತಪ್ಪು. ಮೆದುಳಿನ ನಿಜವಾದ ಕೆಲಸ ಇರುವುದು ಇಲ್ಲೇ. ತಪ್ಪಾಗಿದೆ ಅಂತ ಗುರುತಿಸುವುದು ಅದಕ್ಕೆ ಸುಲಭ. ತಪ್ಪು ಎಲ್ಲಿ ಹುಟ್ಟಿತು ಅಂತ ಪತ್ತೆ ಹಚ್ಚುವುದು ಕಷ್ಟ. ಅದಕ್ಕಾಗಿ ಮೆದುಳಿನಲ್ಲಿ ಒಂದಲ್ಲ, ಹಲವು ಏರ್ಪಾಟುಗಳಿವೆ.

ಕೈ ಜಾರಿದ ತಪ್ಪು

ಮೊದಲನೆಯವನ ‘ಅಯ್ಯೋ’ದಿಂದ ಶುರು ಮಾಡೋಣ. ಯಾರೂ ಹೇಳದೆಯೇ ಅವನಿಗೆ ತಪ್ಪು ಗೊತ್ತಾಯಿತು. ಹೇಗೆ?

1966ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಪ್ಯಾಟ್ರಿಕ್ ರ‍್ಯಾಬಿಟ್ ಒಂದು ಸರಳ ಸಂಗತಿ ಗಮನಿಸಿದರು. ಗುಂಡಿ ಒತ್ತುವ ಆಟದಲ್ಲಿ ಜನ ತಪ್ಪು ಗುಂಡಿ ಒತ್ತಿದರೆ, ಯಾರೂ ಎಚ್ಚರಿಸದಿದ್ದರೂ ಬಹಳ ಬೇಗ ತಿದ್ದಿಕೊಳ್ಳುತ್ತಿದ್ದರು. ಅದರ ಮುಂದಿನ ಸರದಿಯಲ್ಲಿ ಸ್ವಲ್ಪ ನಿಧಾನವಾಗುತ್ತಿದ್ದರು. ಒಳಗೆ ಯಾರೋ ಕಾವಲು ಕೂತಿದ್ದಾರೆ ಅನ್ನುವುದು ಆಗಲೇ ಸ್ಪಷ್ಟವಾಗಿತ್ತು.

ಕಾವಲಿನ ಗುರುತು ಸಿಕ್ಕಿದ್ದು 1990ರ ದಶಕದ ಆರಂಭದಲ್ಲಿ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಮಿಖಾಯೆಲ್ ಫಾಲ್ಕನ್‌ಸ್ಟೈನ್ ತಂಡ, ಅಮೆರಿಕದ ಇಲಿನಾಯ್‌ನಲ್ಲಿ ವಿಲಿಯಂ ಗೆರಿಂಗ್ ತಂಡ, ಎರಡೂ ಬೇರೆ ಬೇರೆಯಾಗಿ ಒಂದೇ ವಿಷಯ ಕಂಡವು. ಮೆದುಳಿನ ವಿದ್ಯುತ್ ಏರಿಳಿತ ಅಳೆಯುವ ಇಇಜಿ ತಂತಿಗಳನ್ನು ತಲೆಯ ಮೇಲೆ ಅಂಟಿಸಿ ನೋಡಿದರೆ, ತಪ್ಪು ಗುಂಡಿ ಒತ್ತಿದ ಸುಮಾರು 50ರಿಂದ 100 ಮಿಲಿಸೆಕೆಂಡಿನೊಳಗೆ ತಲೆಯ ನಡು ಮುಂಭಾಗದಲ್ಲಿ ಒಂದು ಚೂಪಾದ ವಿದ್ಯುತ್ ಇಳಿತ ಕಾಣುತ್ತದೆ. ಸರಿಯಾದ ಗುಂಡಿ ಒತ್ತಿದಾಗ ಅಷ್ಟು ದೊಡ್ಡ ಇಳಿತ ಇರುವುದಿಲ್ಲ. ವಿಜ್ಞಾನಿಗಳು ಇದನ್ನು ಇಆರ್‌ಎನ್, ಅಂದರೆ ತಪ್ಪಿನ ಜೊತೆ ಬರುವ ಇಳಿತ, ಅನ್ನುತ್ತಾರೆ. ಹಣೆಯ ಹಿಂದೆ, ಎರಡು ಅರ್ಧ ಮೆದುಳುಗಳು ಎದುರುಬದುರಾಗುವ ಒಳಗೋಡೆಯಲ್ಲಿ ಆಂಟೀರಿಯರ್ ಸಿಂಗ್ಯುಲೇಟ್ ಅನ್ನುವ ಪಟ್ಟಿಯಿದೆ. ಈ ಅಲೆ ಮುಖ್ಯವಾಗಿ ಅಲ್ಲಿಂದ ಮತ್ತು ಅದರ ಅಕ್ಕಪಕ್ಕದಿಂದ ಹೊರಡುತ್ತದೆ.

ಅಷ್ಟು ಬೇಗ ಹೇಗೆ? ಬೆರಳು ಏನು ಮಾಡಿತು ಅಂತ ಕಣ್ಣು ನೋಡಿ ವರದಿ ಕೊಡುವಷ್ಟು ಹೊತ್ತು ಇಲ್ಲಿಲ್ಲ. ಮೆದುಳು ಕೈಗೆ ಆಜ್ಞೆ ಕಳಿಸುವಾಗಲೇ ಅದರ ಒಂದು ನಕಲನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ ಅನ್ನುವುದು ಒಂದು ವಿವರಣೆ. ಕಣ್ಣಿನಿಂದ ಇನ್ನೂ ಮಾಹಿತಿ ಬರುತ್ತಲೇ ಇರುತ್ತದೆ. ಹಾಗಾಗಿ ಕೈ ಹೊರಟ ಮೇಲೂ ಸರಿಯುತ್ತರ ತಯಾರಾಗುತ್ತಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟ ಕೂಡಲೇ ಹೊಂದಾಣಿಕೆ ಇಲ್ಲ ಅಂತ ಗೊತ್ತಾಗುತ್ತದೆ. ಇನ್ನೊಂದು ವಿವರಣೆ ಹೀಗಿದೆ: ಮೆದುಳು ನೋಡುವುದು ತಪ್ಪನ್ನಲ್ಲ, ಎರಡು ಉತ್ತರಗಳ ನಡುವಿನ ಜಗ್ಗಾಟವನ್ನು. ಈ ಎರಡು ವಿವರಣೆಗಳ ನಡುವಿನ ವಾದ ಇನ್ನೂ ಮುಗಿದಿಲ್ಲ. ನನಗೆ ಕಾಣುವ ಮಟ್ಟಿಗೆ ಎರಡರಲ್ಲೂ ಸತ್ಯದ ಪಾಲಿದೆ.

ಇಲ್ಲಿ ಇನ್ನೊಂದು ಸೊಗಸಾದ ಪ್ರಯೋಗ ಹೇಳಲೇಬೇಕು. 2010ರಲ್ಲಿ ಗಾರ್ಡನ್ ಲೋಗನ್ ಮತ್ತು ಮ್ಯಾಥ್ಯೂ ಕ್ರಂಪ್, ನುರಿತ ಟೈಪಿಸ್ಟ್‌ಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಕಂಪ್ಯೂಟರ್ ಗುಟ್ಟಾಗಿ ಎರಡು ಕೆಲಸ ಮಾಡುತ್ತಿತ್ತು. ಕೆಲವೊಮ್ಮೆ ಅವರು ಸರಿಯಾಗಿ ಒತ್ತಿದ ಪದವನ್ನು ಪರದೆಯ ಮೇಲೆ ತಪ್ಪಾಗಿ ತೋರಿಸುತ್ತಿತ್ತು. ಕೆಲವೊಮ್ಮೆ ಅವರ ತಪ್ಪನ್ನು ಸುಮ್ನೆ ತಿದ್ದಿ ತೋರಿಸುತ್ತಿತ್ತು. ಕೇಳಿದಾಗ ಟೈಪಿಸ್ಟ್‌ಗಳು ಪರದೆಯನ್ನೇ ನಂಬಿದರು. ಕಂಪ್ಯೂಟರ್ ಸೇರಿಸಿದ ತಪ್ಪನ್ನು ಬಹುಮಟ್ಟಿಗೆ ತಮ್ಮದೇ ಅಂದರು, ಅದು ತಿದ್ದಿದ್ದಕ್ಕೂ ತಾವೇ ಶಭಾಷ್ ಪಡೆದರು. ಆದರೆ ಬೆರಳುಗಳು ಮೋಸ ಹೋಗಲಿಲ್ಲ! ನಿಜವಾಗಿ ತಪ್ಪು ಒತ್ತಿದಾಗ ಮಾತ್ರ ಬೆರಳು ನಿಧಾನವಾಯಿತು. ಪರದೆಯ ಮೇಲಿನ ಸುಳ್ಳು ತಪ್ಪಿಗೆ ನಿಧಾನವಾಗಲಿಲ್ಲ. ಒಂದೇ ತಲೆಯಲ್ಲಿ ಎರಡು ಕಾವಲು. ಒಂದು ಕೈಯನ್ನು ನೋಡುತ್ತದೆ, ಇನ್ನೊಂದು ಫಲವನ್ನು ನೋಡುತ್ತದೆ. ಎರಡೂ ಬೇರೆ ಬೇರೆ ತೀರ್ಪು ಕೊಡಬಹುದು.

ಹಾಗಾದರೆ ತಪ್ಪು ನಮ್ಮ ಅರಿವಿಗೆ ಬರುವುದು ಯಾವಾಗ? ಮೊದಲ ಇಳಿತದ ನಂತರ, ಸುಮಾರು 200ರಿಂದ 400 ಮಿಲಿಸೆಕೆಂಡಿನಲ್ಲಿ, ಇನ್ನೊಂದು ನಿಧಾನವಾದ ಅಲೆ ಏಳುತ್ತದೆ. 2001ರಲ್ಲಿ ಸ್ಯಾಂಡರ್ ನ್ಯೂವೆನ್‌ಹೌಸ್ ತಂಡ ಕಣ್ಣಿನ ಚಲನೆಯ ಪ್ರಯೋಗ ಮಾಡಿತು. ಪರದೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ, ನೀವು ಅದರ ವಿರುದ್ಧ ದಿಕ್ಕಿಗೆ ನೋಡಬೇಕು. ಕಣ್ಣು ಎಷ್ಟೋ ಸಲ ಚುಕ್ಕೆಯ ಕಡೆಗೇ ಓಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗದ ತಪ್ಪಿಗೂ ಮೊದಲ ಇಳಿತ ಕಾಣಿಸಿತು. ಎರಡನೆಯ ಅಲೆ ಚೆನ್ನಾಗಿ ಎದ್ದದ್ದು ‘ಹೌದು, ತಪ್ಪಿದೆ’ ಅಂತ ಆಡುವವರಿಗೆ ಅನ್ನಿಸಿದಾಗ. ನಂತರದ ಕೆಲವು ಪ್ರಯೋಗಗಳಲ್ಲಿ ಮೊದಲ ಇಳಿತವೂ ಅರಿವಿನ ಜೊತೆ ಸ್ವಲ್ಪ ಬದಲಾಗಿದ್ದು ಕಂಡಿದೆ. ಆದರೂ ಎರಡು ಹಂತ ಇವೆ ಅನ್ನುವ ಮಾತು ನಿಂತಿದೆ.

ಹೊರಗಿನಿಂದ ಗೊತ್ತಾಗುವ ತಪ್ಪು

ಎಲ್ಲಾ ತಪ್ಪುಗಳೂ ಇಷ್ಟು ಬೇಗ ಗೊತ್ತಾಗುವುದಿಲ್ಲ ಅಲ್ವಾ? ಹೊಸ ಹೋಟೆಲಿನಲ್ಲಿ ಏನೋ ಆರ್ಡರ್ ಮಾಡುತ್ತೀರಿ. ಅದು ಸರಿಯೋ ತಪ್ಪೋ ಬಾಯಿಗಿಟ್ಟ ಮೇಲೆಯೇ ತಿಳಿಯುವುದು. ಇಲ್ಲಿ ಕೈ ಜಾರಿಲ್ಲ. ಮೆದುಳು ಫಲಕ್ಕಾಗಿ ಕಾಯಬೇಕು.

ಈ ಕೆಲಸದ ತಿರುಳು ಗೊತ್ತಾದದ್ದು ಕೋತಿಗಳಿಂದ. ಸ್ವಿಟ್ಜರ್‌ಲೆಂಡಿನಲ್ಲಿ ವೋಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ನಡುಮೆದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆ ಮಾಡುವ ಕೋಶಗಳನ್ನು ಒಂದೊಂದಾಗಿ ಆಲಿಸುತ್ತಿದ್ದರು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕರೆ ಕೋಶ ಚುರುಕಾಗಿ ಮಿಡಿಯುತ್ತಿತ್ತು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ ಕೋಶ ದೀಪಕ್ಕೇ ಮಿಡಿಯಿತು, ರಸ ಬಂದಾಗ ಸುಮ್ಮನಿತ್ತು. ಇನ್ನು ದೀಪ ಹತ್ತಿತು, ರಸ ಬರಲಿಲ್ಲ ಅಂದರೆ? ರಸ ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಕೋಶದ ಮಿಡಿತ ನಿಂತುಹೋಯಿತು. ಅಂದರೆ ಡೋಪಮಿನ್ ಬರೀ ಸುಖದ ರಾಸಾಯನಿಕ ಅಲ್ಲ. ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಎಷ್ಟು ವ್ಯತ್ಯಾಸ ಅನ್ನುವ ಲೆಕ್ಕ ಅದು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೇಗ್ ಇದನ್ನು ಗಣಿತದ ರೂಪದಲ್ಲಿ ಬರೆದರು. ಯಂತ್ರಗಳಿಗೆ ಕಲಿಸಲು ಕಂಪ್ಯೂಟರ್ ವಿಜ್ಞಾನಿಗಳು ಅದಾಗಲೇ ಬಳಸುತ್ತಿದ್ದ ಸೂತ್ರವೇ ಕೋತಿಯ ತಲೆಯೊಳಗೂ ಕಂಡಿತ್ತು.

ಪಾರ್ಕಿನ್ಸನ್ಸ್ ಕಾಯಿಲೆಯಲ್ಲಿ ಈ ಡೋಪಮಿನ್ ಕೋಶಗಳೇ ಸಾಯುತ್ತವೆ. 2004ರಲ್ಲಿ ಮೈಕೆಲ್ ಫ್ರ್ಯಾಂಕ್ ತಂಡ ಈ ರೋಗಿಗಳನ್ನು ಪರೀಕ್ಷಿಸಿತು. ಔಷಧಿ ಬಿಟ್ಟಿದ್ದಾಗ ಅವರು ಸೋಲಿನಿಂದ ಚೆನ್ನಾಗಿ ಕಲಿತರು. ಡೋಪಮಿನ್ ಹೆಚ್ಚಿಸುವ ಔಷಧಿ ತೆಗೆದುಕೊಂಡಾಗ ಗೆಲುವಿನಿಂದ ಜಾಸ್ತಿ ಕಲಿತರು, ಸೋಲಿನಿಂದ ಕಲಿಯುವುದು ಕಡಿಮೆಯಾಯಿತು. ಸೋಲಿನ ಸುದ್ದಿ ತಲುಪುವುದು ಡೋಪಮಿನ್ ಇಳಿದಾಗ ತಾನೇ? ಔಷಧಿ ಆ ತಗ್ಗನ್ನು ತುಂಬಿಬಿಟ್ಟಿರುತ್ತದೆ. ಮನುಷ್ಯ ಅದೇ, ಬುದ್ಧಿ ಅದೇ. ಒಂದು ಮಾತ್ರೆಯಿಂದ ಯಾವ ಬಗೆಯ ತಪ್ಪಿನಿಂದ ಪಾಠ ಕಲಿಯುತ್ತಾನೆ ಅನ್ನುವುದೇ ಬದಲಾಯಿತು. ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದೇ. ‘ಎಷ್ಟು ಸಲ ಪೆಟ್ಟು ತಿಂದರೂ ಬುದ್ಧಿ ಬರಲ್ಲ’ ಅಂತ ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ!

ಆಯ್ಕೆ ಸರಿ, ಏಟು ತಪ್ಪು

ಮುಂಬೈಯ ಚಾಳುಗಳಲ್ಲಿ ಕೇರಂ ನೋಡಿದವರಿಗೆ ಇದು ಗೊತ್ತಿರುತ್ತದೆ. ಯಾವ ಕಾಯಿಗೆ ಹೊಡೆಯಬೇಕು ಅಂತ ಲೆಕ್ಕ ಹಾಕಿ ಹೊಡೆಯುತ್ತಾನೆ. ಕಾಯಿ ಬೀಳಲಿಲ್ಲ. ಸ್ಟ್ರೈಕರ್ ಎರಡು ಎಳೆ ಆಚೆ ಹೋಯಿತು. ಒಳ್ಳೆಯ ಆಟಗಾರ ಮುಂದಿನ ಸಲವೂ ಅಂಥ ಕಾಯಿಯನ್ನೇ ಆರಿಸುತ್ತಾನೆ, ಏಟನ್ನು ಮಾತ್ರ ತಿದ್ದುತ್ತಾನೆ. ಡೋಪಮಿನ್ ಲೆಕ್ಕ ಇಷ್ಟೇ ಆಗಿದ್ದರೆ, ‘ಸಿಗಲಿಲ್ಲ, ಇನ್ನು ಈ ಕಾಯಿ ಬೇಡ’ ಅನ್ನಬೇಕಿತ್ತು. ಹಾಗೆ ಆಗುವುದಿಲ್ಲ ಯಾಕೆ?

ಸ್ಯಾಮ್ ಮೆಕ್‌ಡೂಗಲ್, ರಿಚರ್ಡ್ ಐವ್ರಿ, ಜೋರ್ಡನ್ ಟೇಲರ್ ಮತ್ತು ಅವರ ಜೊತೆಗಾರರು ಕೇಳಿದ್ದು ಇದೇ ಪ್ರಶ್ನೆ. ಜೂಜಿನಂಥ ಆಟವೊಂದರಲ್ಲಿ ಬಹುಮಾನ ಸಿಗದಿರಲು ಎರಡು ಕಾರಣ ಇಟ್ಟರು. ಒಂದು, ಗುರಿ ಮುಟ್ಟಿದರೂ ಅಲ್ಲಿ ಬಹುಮಾನ ಇರಲಿಲ್ಲ. ಇನ್ನೊಂದು, ಗುರಿಯೇ ತಪ್ಪಿತು. ಜೇಬಿಗೆ ಎರಡರಲ್ಲೂ ಸೊನ್ನೆಯೇ. ಆದರೂ ಗುರಿ ತಪ್ಪಿದ ಸೊನ್ನೆಯನ್ನು ಜನ ಸಹಿಸಿಕೊಂಡರು, ಅದೇ ಆಯ್ಕೆಗೆ ಮತ್ತೆ ಬಂದರು. 2019ರಲ್ಲಿ ಪ್ರಕಟವಾದ ಸ್ಕ್ಯಾನ್‌ಗಳಲ್ಲಿ ಕಾರಣ ಕಂಡಿತು. ಮೆದುಳಿನ ಆಳದಲ್ಲಿ ಡೋಪಮಿನ್ ಸುದ್ದಿ ತಲುಪುವ ಸ್ಟ್ರಯೇಟಮ್ ಎಂಬ ಭಾಗವಿದೆ. ತಪ್ಪು ಏಟಿನದು ಅಂತ ಗೊತ್ತಾದಾಗ ಅಲ್ಲಿನ ನಿರಾಶೆಯ ಸಂಕೇತ ದುರ್ಬಲವಾಗಿತ್ತು. ತಪ್ಪಿನ ಲೆಕ್ಕ ಆಯ್ಕೆಯ ಖಾತೆಗೆ ಪೂರ್ತಿ ಬೀಳಲಿಲ್ಲ.

ಹಾಗಾದರೆ ಏಟಿನ ಖಾತೆ ನೋಡಿಕೊಳ್ಳುವವರು ಯಾರು? ತಲೆಯ ಹಿಂಭಾಗದ ಕಿರುಮೆದುಳು. ಕೈ ಎಲ್ಲಿ ಹೋಗಬೇಕಿತ್ತು, ಎಲ್ಲಿ ಹೋಯಿತು ಅನ್ನುವ ವ್ಯತ್ಯಾಸವನ್ನು ಅದು ಲೆಕ್ಕ ಹಾಕಿ ಮುಂದಿನ ಏಟನ್ನು ತಿದ್ದುತ್ತದೆ. ಇದೇ ಗುಂಪಿನ 2016ರ ಪ್ರಯೋಗದಲ್ಲಿ, ಕಿರುಮೆದುಳು ಸವೆಯುವ ಕಾಯಿಲೆ ಇದ್ದವರು ಕೈ ತಪ್ಪಿದ ಸೋಲಿಗೆ ಈ ರಿಯಾಯಿತಿ ಕೊಡಲಿಲ್ಲ. ‘ಕೈ ತಪ್ಪಿತು ಅಷ್ಟೇ, ಆಯ್ಕೆ ಸರಿಯಿತ್ತು’ ಅನ್ನುವ ಸಮಾಧಾನ ಮನಸ್ಸಿನ ದೊಡ್ಡತನ ಅಂತ ನಾವು ಅಂದುಕೊಂಡಿರುತ್ತೇವೆ. ಅದರಲ್ಲಿ ಕಿರುಮೆದುಳಿನ ಪಾಲೂ ಇದೆ.

ಕಣ್ಣು ತಪ್ಪಿತೋ, ನಿಯಮ ಬದಲಾಯಿತೋ?

ಈಗ ದಾದರಿನ ಎರಡನೆಯವನೂ ಮೂರನೆಯವನೂ ಬರಲಿ. ಒಬ್ಬ ಬೋರ್ಡನ್ನು ತಪ್ಪಾಗಿ ಓದಿದ. ಇನ್ನೊಬ್ಬನ ಕಣ್ಣು ಸರಿಯಿತ್ತು, ಅವನ ನಂಬರ್ ಹಳೆಯದು. ಇವೆರಡನ್ನು ಬೇರ್ಪಡಿಸುವುದು ಎಲ್ಲಕ್ಕಿಂತ ಕಷ್ಟ. ಯಾಕೆಂದರೆ ಒಳಗಿನಿಂದ ಎರಡೂ ಒಂದೇ ಥರ ಅನ್ನಿಸುತ್ತವೆ.

ಮೆದುಳು ಇದಕ್ಕೆ ಬಳಸುವ ಉಪಾಯ ಬಹಳ ಚೆಂದ. ಅದು ತನ್ನ ಖಾತ್ರಿಯನ್ನೇ ಸಾಕ್ಷಿಯಾಗಿ ಕರೆಯುತ್ತದೆ. ಬೋರ್ಡ್ ಮಸುಕಾಗಿತ್ತು, ಆಗಲೇ ಅನುಮಾನ ಇತ್ತು ಅಂದರೆ, ತಪ್ಪು ಬಹುಶಃ ಓದಿನದು. ನಿಯಮವನ್ನು ಹಾಗೇ ಇಟ್ಟುಕೋ. ಹಗಲಿನಷ್ಟು ಸ್ಪಷ್ಟವಾಗಿ ಕಂಡಿತ್ತು, ಆದರೂ ಫಲ ಉಲ್ಟಾ ಬಂತು ಅಂದರೆ, ಹೊರಗೆ ಏನೋ ಬದಲಾಗಿದೆ.

2016ರಲ್ಲಿ ನ್ಯೂಯಾರ್ಕಿನ ಬ್ರೇಡನ್ ಪರ್ಸೆಲ್ ಮತ್ತು ರೂಜ್‌ಬೇ ಕಿಯಾನಿ ಇದನ್ನು ಮನುಷ್ಯರಲ್ಲಿ ತೋರಿಸಿದರು. ಪರದೆಯಲ್ಲಿ ಚುಕ್ಕೆಗಳು ಯಾವ ಕಡೆ ಹರಿಯುತ್ತಿವೆ ಅಂತ ಹೇಳಬೇಕು, ಜೊತೆಗೆ ಆಟದ ನಿಯಮ ಸೂಚನೆ ಇಲ್ಲದೆ ಬದಲಾಗುತ್ತಿರುತ್ತದೆ. ಸುಲಭದ ಸರದಿಯಲ್ಲಿ ತಪ್ಪಾದರೆ ಜನ ಬೇಗ ತಂತ್ರ ಬದಲಾಯಿಸಿದರು. ಕಷ್ಟದ ಸರದಿಯಲ್ಲಿ ತಪ್ಪಾದರೆ ಒಂದೆರಡು ಸೋಲು ನೋಡೋಣ ಅಂತ ಕಾದರು. 2019ರಲ್ಲಿ ಎಂಐಟಿಯ ಮೊರ್ತೇಜಾ ಸರಾಫ್‌ಯಜ್ದ್ ಮತ್ತು ಮೆಹರ್‌ದಾದ್ ಜಜಾಯೆರಿ ಕೋತಿಗಳಲ್ಲಿ ಇದನ್ನೇ ನೋಡಿದರು. ಅಲ್ಲಿ ಅಳೆಯಬೇಕಿದ್ದದ್ದು ಸಮಯ: ಎರಡು ಸೂಚನೆಗಳ ನಡುವಿನ ಅಂತರ ಚಿಕ್ಕದೋ ದೊಡ್ಡದೋ. ಕೋತಿಗಳೂ ಇದೇ ತರ್ಕದಲ್ಲಿ ನಡೆದವು. ಮುಂಭಾಗದ ಮೆದುಳಿನ ಒಳಬದಿಯ ಕೋಶಗಳು, ಆಂಟೀರಿಯರ್ ಸಿಂಗ್ಯುಲೇಟ್ ಸೇರಿದಂತೆ, ಸೋಲುಗಳನ್ನು ಅವುಗಳ ತೂಕದ ಪ್ರಕಾರ ಕೂಡಿಸಿಕೊಂಡು ಹೋಗುತ್ತಿದ್ದವು.

ಆ ಸಿಂಗ್ಯುಲೇಟ್ ಮತ್ತೆ ಬಂತು ನೋಡಿ. ಬಹಳ ಕಾಲ ಅದನ್ನು ಬರೀ ತಪ್ಪಿನ ಗಂಟೆ ಅಂತ ಭಾವಿಸಿದ್ದರು. 2006ರಲ್ಲಿ ಆಕ್ಸ್‌ಫರ್ಡಿನ ಸ್ಟೀವ್ ಕೆನರ್ಲಿ ತಂಡ, ಆ ಭಾಗಕ್ಕೆ ಹಾನಿಯಾದ ಕೋತಿಗಳನ್ನು ಗಮನಿಸಿತು. ಅವು ತಪ್ಪು ಮಾಡಿದ ಕೂಡಲೇ ಬೇರೆಯವುಗಳಷ್ಟೇ ಚೆನ್ನಾಗಿ ತಿದ್ದಿಕೊಂಡವು! ಅವಕ್ಕೆ ಆಗದೇ ಹೋದದ್ದು ಸರಿಯುತ್ತರದಲ್ಲಿ ನಿಲ್ಲುವುದು. ಹಿಂದಿನ ಗೆಲುವು ಸೋಲುಗಳ ಚರಿತ್ರೆ ಅವುಗಳ ಕೈಯಲ್ಲಿ ಉಳಿಯುತ್ತಿರಲಿಲ್ಲ. ಮರುವರ್ಷ ಅದೇ ಆಕ್ಸ್‌ಫರ್ಡಿನಿಂದ ಟಿಮ್ ಬೆರೆನ್ಸ್ ತಂಡದ ಕೆಲಸ ಬಂತು. ಮನುಷ್ಯರಲ್ಲಿ ಈ ಭಾಗ, ಸುತ್ತಲಿನ ಲೋಕ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದನ್ನು ಹಿಂಬಾಲಿಸುತ್ತದೆ ಅಂತ ಅದು ತೋರಿಸಿತು. ಲೋಕ ಸ್ಥಿರವಾಗಿದ್ದರೆ ಒಂದು ಸೋಲಿಗೆ ಅಷ್ಟು ಬೆಲೆ ಕೊಡಬೇಕಿಲ್ಲ. ಬದಲಾಗುತ್ತಿದ್ದರೆ ಪ್ರತಿ ಸೋಲೂ ಸುದ್ದಿ. ಲೋಕಲ್ ಗಾಡಿಯವರಿಗೆ ಇದು ಅನುಭವದ ಮಾತು. ವಾರದ ದಿನ ಗಾಡಿ ವಿಚಿತ್ರವಾಗಿ ನಿಂತರೆ ಬೈದುಕೊಂಡು ಕೂತಿರುತ್ತೇವೆ. ಭಾನುವಾರ ಹಾಗಾದರೆ ಕೂಡಲೇ ಹಳಿ ದುರಸ್ತಿಯ ಮೆಗಾ ಬ್ಲಾಕ್ ನೆನಪಾಗುತ್ತದೆ, ದಾರಿಯನ್ನೇ ಬದಲಾಯಿಸುತ್ತೇವೆ.

ಪಶ್ಚಾತ್ತಾಪ ಅನ್ನುವ ಲೆಕ್ಕ

ನಾಲ್ಕನೆಯವನದು ಅದೃಷ್ಟದ ವಿಷಯ. ಆದರೆ ಅವನೂ ‘ಬಸ್ಸಿನಲ್ಲೇ ಹೋಗಿದ್ದರೆ’ ಅಂತ ಕೊರಗುತ್ತಾನೆ. ಸಿಕ್ಕಿದ್ದಕ್ಕೆ ನಿರಾಶೆ ಬೇರೆ, ಬಿಟ್ಟದ್ದಕ್ಕೆ ಪಶ್ಚಾತ್ತಾಪ ಬೇರೆ. 2004ರಲ್ಲಿ ಫ್ರಾನ್ಸಿನ ಸಂಶೋಧಕರು ಕಣ್ಣುಗೂಡಿನ ಮೇಲಿರುವ ಮುಂಭಾಗದ ಮೆದುಳಿಗೆ ಪೆಟ್ಟಾದವರಿಗೆ ಎರಡು ಚಕ್ರಗಳ ಜೂಜಾಟ ಕೊಟ್ಟರು. ಗೆದ್ದರೆ ಅವರಿಗೆ ಖುಷಿ, ಸೋತರೆ ಬೇಸರ. ಆದರೆ ಬಿಟ್ಟ ಚಕ್ರದಲ್ಲಿ ದೊಡ್ಡ ಬಹುಮಾನ ಇತ್ತು ಅಂತ ತೋರಿಸಿದರೂ ಅವರ ಬೇಸರ ಹೆಚ್ಚಾಗಲಿಲ್ಲ. ಪಶ್ಚಾತ್ತಾಪ ಬಾರದ ಕಾರಣ, ಮುಂದೆ ಅದನ್ನು ತಪ್ಪಿಸುವಂತೆ ಆರಿಸಲೂ ಅವರು ಕಲಿಯಲಿಲ್ಲ. ಕೊರಗೂ ಒಂದು ಲೆಕ್ಕವೇ. ಅದು ಅದೃಷ್ಟಕ್ಕೂ ತಗುಲಿಕೊಂಡಾಗ ಮಾತ್ರ ದಾರಿ ತಪ್ಪಿಸುತ್ತದೆ.

ಹೋಟೆಲ್, ಗಣಿತದ ಪೇಪರ್

ಈ ವಿಂಗಡಣೆ ನಮ್ಮ ನಡುವೆ ಎಷ್ಟು ಕಡಿಮೆ ನಡೆಯುತ್ತದೆ ಅನ್ನುವುದೇ ನನ್ನ ಸಂಕಟ. ಮುಂಬೈಯ ಉಡುಪಿ ಹೋಟೆಲಿನಲ್ಲಿ ಊರಿನಿಂದ ಹೊಸದಾಗಿ ಬಂದ ಹುಡುಗ ಸಪ್ಲೈ ಮಾಡುತ್ತಾನೆ. ಕೈ ಮರೆತು ಮೂರನೇ ಟೇಬಲ್ಲಿನ ದೋಸೆಯನ್ನು ಐದಕ್ಕೆ ಇಟ್ಟ. ಗದ್ದಲದಲ್ಲಿ ಮರಾಠಿಯಲ್ಲಿ ಹೇಳಿದ ಆರ್ಡರ್ ತಪ್ಪಾಗಿ ಕೇಳಿಸಿಕೊಂಡ. ನಿನ್ನೆ ರೇಟು ಬದಲಾಗಿದ್ದು ಗೊತ್ತಿಲ್ಲದೆ ಹಳೆಯ ರೇಟು ಹೇಳಿದ. ಮೂರಕ್ಕೂ ಬೀಳುವ ಬೈಗುಳ ಒಂದೇ: ‘ಗಮನ ಎಲ್ಲಿದೆ?’ ಮೊದಲನೆಯದಕ್ಕೆ ಅವನ ಮೆದುಳು ಆಗಲೇ ತನ್ನನ್ನು ತಾನು ಎಚ್ಚರಿಸಿಕೊಂಡಿರುತ್ತದೆ, ಬೈಗುಳ ಬೇಕೇ ಇಲ್ಲ. ಎರಡನೆಯದಕ್ಕೆ ಆರ್ಡರನ್ನು ತಿರುಗಿ ಹೇಳಿಸುವ ಪದ್ಧತಿ ಬೇಕು. ಮೂರನೆಯದು ಅವನ ತಪ್ಪೇ ಅಲ್ಲ, ಬೆಳಿಗ್ಗೆ ಯಾರಾದರೂ ಹೇಳಬೇಕಿತ್ತು.

ಮಕ್ಕಳ ಉತ್ತರಪತ್ರಿಕೆಯ ಕಥೆಯೂ ಇದೇ, ಅದರಲ್ಲಿ ಇನ್ನೊಂದು ತೊಡಕಿದೆ: ಸಮಯ. ಪೇಪರ್ ಕೈಗೆ ಬರುವುದು ವಾರಗಳ ನಂತರ. 2011ರಲ್ಲಿ ನ್ಯೂಯಾರ್ಕಿನ ಕರೀನ್ ಫೋರ್ಡೆ ಮತ್ತು ದಾಫ್ನಾ ಶೋಹಮಿ ಕಂಡದ್ದು ಇದು. ಉತ್ತರ ಸರಿಯೋ ತಪ್ಪೋ ಅಂತ ತಕ್ಷಣ ಹೇಳಿದರೆ ಕಲಿಕೆ ಸ್ಟ್ರಯೇಟಮ್‌ನಲ್ಲಿ ನಡೆಯುತ್ತದೆ. ಕೆಲವೇ ಸೆಕೆಂಡು ತಡ ಮಾಡಿ ಹೇಳಿದರೆ ಕೆಲಸ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ಗೆ ಹೋಗುತ್ತದೆ. ಪಾರ್ಕಿನ್ಸನ್ಸ್ ಇರುವವರು ತಕ್ಷಣದ ಉತ್ತರದಿಂದ ಕಲಿಯಲು ಒದ್ದಾಡಿದರು, ತಡವಾಗಿ ಬಂದ ಉತ್ತರದಿಂದ ಎಲ್ಲರಂತೆ ಕಲಿತರು.

ಸೆಕೆಂಡುಗಳಿಗೇ ಹೀಗಾದರೆ, ವಾರಗಳಾದ ಮೇಲೆ ಮಗುವಿನ ಕೈಯಲ್ಲಿ ಉಳಿಯುವುದು ನೆನಪು ಮಾತ್ರ. ಲೆಕ್ಕ ಮಾಡುವಾಗ ಏನು ಅಂದುಕೊಂಡಿದ್ದೆ ಅನ್ನುವುದು ಅಳಿಸಿಹೋಗಿದ್ದರೆ, ಕೆಂಪು ಗುರುತು ಯಾವ ಖಾತೆಗೆ ಸೇರಬೇಕು ಅಂತ ಅದಕ್ಕೆ ಹೇಗೆ ತಿಳಿಯಬೇಕು? ಅದಕ್ಕೇ ನಾನು ಪರಿಚಯದ ತಂದೆತಾಯಂದಿರಿಗೆ ಹೇಳುವುದು ಇಷ್ಟು: ಪರೀಕ್ಷೆ ಮುಗಿಸಿ ಮನೆಗೆ ಬಂದ ಸಂಜೆಯೇ ಪ್ರಶ್ನೆಪತ್ರಿಕೆ ತೆಗೆದು ಕೂರಿ. ಎಷ್ಟು ಬರುತ್ತದೆ ಅಂತ ಕೇಳಬೇಡಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಮಗುವಿನಿಂದಲೇ ಬರೆಸಿ: ಇದು ಖಾತ್ರಿ ಇತ್ತು, ಇದು ಅಂದಾಜು, ಇದು ಗೊತ್ತಿತ್ತು ಆದರೆ ಅವಸರ ಮಾಡಿದೆ. ಪೇಪರ್ ವಾಪಸ್ ಬಂದ ದಿನ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಖಾತ್ರಿ ಅಂತ ಬರೆದ ಕಡೆ ತಪ್ಪಿದ್ದರೆ ಪಾಠವನ್ನು ಮೊದಲಿನಿಂದ ಕಲಿಸಬೇಕು. ಅವಸರ ಅಂತ ಬರೆದ ಕಡೆ ತಪ್ಪಿದ್ದರೆ ಹೊಸ ಪಾಠ ಬೇಕಿಲ್ಲ, ಕೊನೆಯ ಹತ್ತು ನಿಮಿಷ ಉಳಿಸಿಕೊಂಡು ಮತ್ತೊಮ್ಮೆ ನೋಡುವ ಅಭ್ಯಾಸ ಸಾಕು.